ಯಾಕಿಮಾ ಕನಟ್: ರೋಡಿಯೋ ಅಂಗಳದಿಂದ ಸಿನಿಮಾ ಪರದೆಗೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಹಳೆಯ ವೆಸ್ಟರ್ನ್, ಅಂದರೆ ಅಮೆರಿಕದ ಕೌಬಾಯ್ ಚಿತ್ರಗಳ ಮಾತು ಬಂದರೆ ಜಾನ್ ವೇನ್ ಹೆಸರು ಎಲ್ಲರ ಬಾಯಲ್ಲೂ ಬರುತ್ತದೆ. ವೇನ್ ಬದಲಿಗೆ ಕುದುರೆಯಿಂದ ಜಿಗಿದವರ ಹೆಸರು ಕೇಳಿದರೆ ಮಾತು ನಿಂತುಬಿಡುತ್ತದೆ. ಆ ಹೆಸರು ಯಾಕಿಮಾ ಕನಟ್. ಕುದುರೆ ಸವಾರಿಯನ್ನೂ ಸಿನಿಮಾವನ್ನೂ ಇಷ್ಟಪಡುವ ಗೆಳೆಯರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಯಾಕಿಮಾ ಕನಟ್ ಯಾರು?

ಅಮೆರಿಕದ ರೋಡಿಯೋ (ಕೌಬಾಯ್‌ಗಳ ಸ್ಪರ್ಧೆ) ಚಾಂಪಿಯನ್, ಮೂಕಿ ಚಿತ್ರಗಳ ಹೀರೋ, ಟಾಕಿ ಚಿತ್ರಗಳ ವಿಲನ್, ಸ್ಟಂಟ್ ಕಲಾವಿದ, ಕೊನೆಗೆ ಸಾಹಸ ದೃಶ್ಯಗಳ ನಿರ್ದೇಶಕ. ಹುಟ್ಟಿದ್ದು 1895ರ ನವೆಂಬರ್ 29ರಂದು, ವಾಷಿಂಗ್ಟನ್ ರಾಜ್ಯದ ಕೋಲ್‌ಫ್ಯಾಕ್ಸ್ ಊರಿನ ಹತ್ತಿರ. ತೀರಿಕೊಂಡಿದ್ದು 1986ರ ಮೇ 24ರಂದು, 90ನೇ ವಯಸ್ಸಿನಲ್ಲಿ. ಆ ವಯಸ್ಸನ್ನು ನೆನಪಿಟ್ಟುಕೊಳ್ಳಿ. ಓಡುವ ಕುದುರೆಯಿಂದ, ಗಾಡಿಯಿಂದ, ಬಂಡೆಯ ಮೇಲಿಂದ ಬೀಳುವುದನ್ನೇ ಕೆಲಸ ಮಾಡಿಕೊಂಡಿದ್ದ ಮನುಷ್ಯ 90 ವರ್ಷ ಬದುಕಿದರು. ನನಗೆ ಅವರ ಸಾಧನೆಗಳಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು.

ಯಾಕಿಮಾ ಅನ್ನುವುದು ಎಂಥ ಹೆಸರು? ಅವರು ಅಮೆರಿಕದ ಮೂಲನಿವಾಸಿಯಾ?

ಅಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಈನಸ್ ಎಡ್ವರ್ಡ್ ಕನಟ್. ಅವರದು ಯುರೋಪಿನಿಂದ ವಲಸೆ ಬಂದವರ ಮನೆತನ. ಯಾಕಿಮಾ ಎಂಬುದು ವಾಷಿಂಗ್ಟನ್ ರಾಜ್ಯದ ಒಂದು ಊರು, ಒಂದು ನದಿ, ಅಲ್ಲಿನ ಮೂಲನಿವಾಸಿ ಜನರ ಹೆಸರೂ ಹೌದು. ಕನಟ್ ಆ ಊರಿನವರೂ ಅಲ್ಲ.

1914ರಲ್ಲಿ ಒರೆಗಾನ್ ರಾಜ್ಯದ ಪೆಂಡಲ್ಟನ್‌ನಲ್ಲಿ ರೋಡಿಯೋ ನಡೆಯುತ್ತಿತ್ತು. ಕನಟ್ ಯಾಕಿಮಾ ಕಡೆಯ ಸವಾರರ ಜೊತೆ ತಿರುಗಾಡುತ್ತಿದ್ದರು. ಕುದುರೆ ಅವರನ್ನು ಎತ್ತಿ ಎಸೆದ ಕ್ಷಣವನ್ನು ಒಬ್ಬ ಫೋಟೋಗ್ರಾಫರ್ ಹಿಡಿದ. ಪತ್ರಿಕೆಯಲ್ಲಿ ಆ ಫೋಟೋದ ಕೆಳಗೆ ಅಚ್ಚಾಗಿದ್ದು ಯಾಕಿಮಾ ಕನಟ್ ಎಂದು. ಹೆಸರು ಅಂಟಿಕೊಂಡಿತು. ಗೆಳೆಯರ ಬಾಯಲ್ಲಿ ಅದು ಬರೀ ಯಾಕ್ ಆಯಿತು. ಜೀವನಪೂರ್ತಿ ಉಳಿದ ಹೆಸರು ಸಿಕ್ಕಿದ್ದೇ ಬೀಳುವಾಗ!

ರೋಡಿಯೋ ಅಂದರೆ ಏನು? ಅಲ್ಲಿ ಅವರು ಏನು ಗೆದ್ದರು?

ದನ ಕಾಯುವವರ ದಿನದ ಕೆಲಸವೇ ಸ್ಪರ್ಧೆಯಾಗಿ ಬೆಳೆದದ್ದು ರೋಡಿಯೋ. ದೊಡ್ಡ ಬಯಲಿನಲ್ಲಿ ಸಾವಿರಾರು ದನಗಳನ್ನು ಮೇಯಿಸುವವರಿಗೆ ಹಗ್ಗ ಎಸೆದು ಕರು ಹಿಡಿಯಬೇಕು, ಪಳಗದ ಕುದುರೆಯನ್ನು ಸವಾರಿಗೆ ಒಗ್ಗಿಸಬೇಕು, ತಪ್ಪಿಸಿಕೊಂಡ ಹೋರಿಯನ್ನು ಅಟ್ಟಿಸಿಕೊಂಡು ಹೋಗಬೇಕು. ಯಾರು ಇದನ್ನು ಚೆನ್ನಾಗಿ ಮಾಡುತ್ತಾರೆ ಎಂಬ ಪೈಪೋಟಿ ಹುಟ್ಟಿತು. ಪೆಂಡಲ್ಟನ್ ರೌಂಡ್‌ಅಪ್ ಎಂಬ ರೋಡಿಯೋ ಶುರುವಾಗಿದ್ದು 1910ರಲ್ಲಿ, ಇವತ್ತಿಗೂ ನಡೆಯುತ್ತಿದೆ.

ಕನಟ್ ಹೆಸರು ಮಾಡಿದ್ದು ಎರಡು ಬಗೆಯಲ್ಲಿ. ಒಂದು, ಬ್ರಾಂಕೋ ಸವಾರಿ. ಬ್ರಾಂಕೋ ಎಂದರೆ ಬೆನ್ನ ಮೇಲೆ ಯಾರನ್ನೂ ಸಹಿಸದ ಕುದುರೆ. ಅದರ ಮೇಲೆ ಜೀನು ಹಾಕಿ ಕೂರಬೇಕು. ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈ ಗಾಳಿಯಲ್ಲೇ ಇರಬೇಕು. ಅದು ಕುದುರೆಗಾಗಲಿ ಜೀನಿಗಾಗಲಿ ತಾಗಿದರೆ ಸವಾರಿ ಲೆಕ್ಕಕ್ಕಿಲ್ಲ. ಇವತ್ತಿನ ನಿಯಮದ ಪ್ರಕಾರ 8 ಸೆಕೆಂಡು ಕೂತರೆ ಸಾಕು. ಕೇಳುವುದಕ್ಕೆ ಅದು ತುಂಬಾ ಕಡಿಮೆ ಅನಿಸುತ್ತದೆ. ಒಂದು ಸಲ ವೀಡಿಯೋ ನೋಡಿ, ಆಮೇಲೆ ಹಾಗೆ ಅನಿಸುವುದಿಲ್ಲ.

ಇನ್ನೊಂದು, ಬುಲ್‌ಡಾಗಿಂಗ್. ಓಡುವ ಕುದುರೆಯಿಂದ ಓಡುವ ಹೋರಿಯ ಮೇಲೆ ಹಾರಿ, ಎರಡೂ ಕೊಂಬು ಹಿಡಿದು, ಕುತ್ತಿಗೆ ತಿರುಚಿ ನೆಲಕ್ಕೆ ಕೆಡವುವುದು. ಇದನ್ನು ರೂಢಿಗೆ ತಂದವರು ಬಿಲ್ ಪಿಕೆಟ್ ಎಂಬ ಟೆಕ್ಸಸ್‌ನ ಕಪ್ಪು ಜನಾಂಗದ ಕೌಬಾಯ್. ಅವರ ಹೆಸರನ್ನು ಬಿಟ್ಟು ಈ ಆಟದ ಬಗ್ಗೆ ಬರೆಯಬಾರದು.

ಕನಟ್ ಮನೆಯವರದು ದನ ಕುದುರೆಗಳ ರಾಂಚ್. 11ನೇ ವಯಸ್ಸಿಗೇ ಒಂದು ಕಾಡು ಕುದುರೆಯನ್ನು ಪಳಗಿಸಿದ್ದರು. 1912ರಲ್ಲಿ, 16ನೇ ವಯಸ್ಸಿನಲ್ಲಿ, ತಮ್ಮ ಜಿಲ್ಲೆಯ ಜಾತ್ರೆಯಲ್ಲಿ ಮೊದಲ ಸ್ಪರ್ಧೆಗೆ ಇಳಿದರು. ಪೆಂಡಲ್ಟನ್‌ನಲ್ಲಿ ಎಲ್ಲಾ ವಿಭಾಗ ಸೇರಿಸಿ ಕೊಡುವ ಆಲ್‌ರೌಂಡ್ ಪಟ್ಟವನ್ನು ನಾಲ್ಕು ಸಲ ಗೆದ್ದರು: 1917, 1919, 1920 ಮತ್ತು 1923ರಲ್ಲಿ.

ಸಿನಿಮಾಕ್ಕೆ ಬಂದಿದ್ದು ಹೇಗೆ?

ರೋಡಿಯೋ ಋತು ಮುಗಿದ ಮೇಲೆ ಚಳಿಗಾಲದಲ್ಲಿ ಸವಾರರಿಗೆ ದುಡಿಮೆ ಇರುತ್ತಿರಲಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಮಾತ್ರ ವರ್ಷವಿಡೀ ಕುದುರೆ ಬಲ್ಲವರು ಬೇಕಾಗಿದ್ದರು, ಯಾಕೆಂದರೆ ವಾರ ವಾರ ಕೌಬಾಯ್ ಚಿತ್ರಗಳು ತಯಾರಾಗುತ್ತಿದ್ದವು. 1919ರಲ್ಲಿ ರೋಡಿಯೋಗೆಂದು ಅಲ್ಲಿಗೆ ಹೋದ ಕನಟ್‌ಗೆ ಟಾಮ್ ಮಿಕ್ಸ್ ಭೇಟಿಯಾಯಿತು. ಮಿಕ್ಸ್ ಆಗಲೇ ದೊಡ್ಡ ಸ್ಟಾರ್, ತಾವೂ ಕೌಬಾಯ್ ಪ್ರದರ್ಶನಗಳಿಂದ ಬಂದವರು. ಅವರೇ ಕನಟ್‌ಗೆ ಸಿನಿಮಾದ ಬಾಗಿಲು ತೋರಿಸಿದರು.

ಮೊದಲು ಸಣ್ಣ ಪುಟ್ಟ ಕೆಲಸ. 1923ರಲ್ಲಿ ಬೆನ್ ವಿಲ್ಸನ್ ಎಂಬ ನಿರ್ಮಾಪಕ ನಾಯಕನ ಪಾತ್ರಕ್ಕೆ ಒಪ್ಪಂದ ಮಾಡಿಕೊಂಡರು. ಆಮೇಲೆ ಒಂದರ ಹಿಂದೆ ಒಂದು ಚಿತ್ರ ಬಂದವು. ಇವುಗಳಲ್ಲಿ ನನಗೆ ಇಷ್ಟವಾದದ್ದು 1926ರ ದ ಡೆವಿಲ್ ಹಾರ್ಸ್. ರೆಕ್ಸ್ ಎಂಬ ಕಪ್ಪು ಗಂಡು ಕುದುರೆ ಅದರಲ್ಲಿ ಕನಟ್‌ಗೆ ಸರಿಸಮಾನವಾದ ಪಾತ್ರ. ಕುದುರೆಯ ಕಿವಿ ಹಿಂದಕ್ಕೆ ಹೋದಾಗ ಕನಟ್ ಮೈ ಹೇಗೆ ಬಿಗಿಯಾಗುತ್ತದೆ ನೋಡಬೇಕು. ಅದನ್ನು ಯಾವ ನಟನಾ ಶಾಲೆಯೂ ಕಲಿಸಲಾರದು.

ಹೀರೋ ಆಗಿದ್ದವರು ಡ್ಯೂಪ್ ಆಗಿದ್ದು ಯಾಕೆ?

ದನಿ ಹೋಗಿದ್ದರಿಂದ. ಮೊದಲ ಮಹಾಯುದ್ಧದ ಕೊನೆಯಲ್ಲಿ, 1918ರಲ್ಲಿ, ಕನಟ್ ನೌಕಾಪಡೆಗೆ ಸೇರಿದ್ದರು. ಅಲ್ಲಿ ಫ್ಲೂ ಜ್ವರ ಬಂದು ಗಂಟಲಿಗೆ ಪೆಟ್ಟಾಯಿತು. ಜೀವ ಉಳಿಯಿತು, ದನಿ ಒರಟಾಗಿ ಒಂದೇ ಮಟ್ಟದಲ್ಲಿ ಉಳಿದುಬಿಟ್ಟಿತು. ಮೂಕಿ ಚಿತ್ರಗಳ ಕಾಲದಲ್ಲಿ ಅದು ಯಾರಿಗೂ ಬೇಕಾಗಿರಲಿಲ್ಲ. 1920ರ ದಶಕದ ಕೊನೆಗೆ ಸಿನಿಮಾ ಮಾತಾಡಲು ಶುರು ಮಾಡಿತು. ಹೀರೋ ಮಾತಾಡಬೇಕು, ಹಾಡಲೂಬೇಕು. ಆ ದನಿಗೆ ಅಲ್ಲಿ ಜಾಗ ಇರಲಿಲ್ಲ.

ಎಷ್ಟೋ ಮೂಕಿ ನಟರು ಇದೇ ಪೆಟ್ಟಿಗೆ ಮನೆ ಸೇರಿದರು. ನಲವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಕಾಣಿಸಿಕೊಂಡಿದ್ದ ಕನಟ್ ತಮ್ಮ ಹೆಸರು ಪೋಸ್ಟರಿನ ಮೇಲಿಂದ ಕೆಳಗಿಳಿಯುವುದನ್ನು ನೋಡಿದರು. ಆದರೆ ಮೈ ಇನ್ನೂ ಮಾತು ಕೇಳುತ್ತಿತ್ತು. ವಿಲನ್‌ನ ಕೂಟದಲ್ಲಿ ಎರಡು ಮಾತಿನ ಪಾತ್ರ, ಜೊತೆಗೆ ಹೀರೋಗೆ ಡ್ಯೂಪ್. ಹಾಗೆ ಮತ್ತೆ ಶುರು ಮಾಡಿದರು. ಒಂದೇ ಚಿತ್ರದಲ್ಲಿ ಓಡುವ ಹೀರೋ ಅವರೇ, ಅಟ್ಟಿಸಿಕೊಂಡು ಬರುವ ವಿಲನ್ನೂ ಅವರೇ ಆಗಿದ್ದುಂಟು.

ಜಾನ್ ವೇನ್‌ಗೂ ಕನಟ್‌ಗೂ ಏನು ನಂಟು?

ಇಬ್ಬರೂ ಜೊತೆಯಾಗಿದ್ದು 1932ರ ಸುಮಾರಿಗೆ. ಆಗ ವೇನ್ ಇನ್ನೂ ಅಗ್ಗದ ಚಿತ್ರಗಳ ಹುಡುಗ. 1933ರಿಂದ 1935ರವರೆಗೆ ಲೋನ್ ಸ್ಟಾರ್ ಸಂಸ್ಥೆಯ ವೆಸ್ಟರ್ನ್‌ಗಳಲ್ಲಿ ಇಬ್ಬರೂ ಸೇರಿ ದುಡಿದರು. ವೇನ್‌ಗೆ ಕುದುರೆ ಮೇಲೆ ಕೂರುವ ಗತ್ತು, ಬೀಳುವ ರೀತಿ ಕಲಿಸಿದ್ದು ಕನಟ್. ವೇನ್ ಅವರ ಪ್ರಸಿದ್ಧ ನಡಿಗೆಯಲ್ಲೂ ಎಳೆದು ಮಾತಾಡುವ ಧಾಟಿಯಲ್ಲೂ ಕನಟ್ ಅವರನ್ನು ನೋಡಿ ಕಲಿತದ್ದು ಸೇರಿಕೊಂಡಿದೆ.

ಈ ಜೋಡಿಯಿಂದ ಸಿನಿಮಾಕ್ಕೆ ಒಂದು ದೊಡ್ಡ ಕೊಡುಗೆ ಸಿಕ್ಕಿತು. ಅಲ್ಲಿಯವರೆಗೆ ಹೊಡೆದಾಟದಲ್ಲಿ ನಟರು ಒಬ್ಬರಿಗೊಬ್ಬರು ಭುಜಕ್ಕೋ ಎದೆಗೋ ಮೆಲ್ಲಗೆ ಗುದ್ದುತ್ತಿದ್ದರು. ನೋಡಿದರೆ ಪೊಳ್ಳು ಅಂತ ತಿಳಿಯುತ್ತಿತ್ತು. ಕನಟ್, ವೇನ್ ಮತ್ತು ನಿರ್ದೇಶಕ ರಾಬರ್ಟ್ ಬ್ರಾಡ್‌ಬರಿ ಬೇರೆ ದಾರಿ ಕಂಡುಕೊಂಡರು. ಕ್ಯಾಮೆರಾವನ್ನು ಒಬ್ಬನ ಹೆಗಲ ಹಿಂದೆ ಇಡಬೇಕು. ಮುಷ್ಟಿ ಎದುರಿನವನ ಮುಖದ ಮುಂದೆ, ಸ್ವಲ್ಪ ದೂರದಲ್ಲಿ, ಜೋರಾಗಿ ಹಾದುಹೋಗಬೇಕು. ಅದೇ ಕ್ಷಣಕ್ಕೆ ಅವನು ತಲೆ ಹಿಂದಕ್ಕೆ ಎಸೆಯಬೇಕು. ಆ ಕೋನದಿಂದ ನಡುವಿನ ಅಂತರ ಕಾಣುವುದಿಲ್ಲ, ಏಟು ಬಿದ್ದ ಹಾಗೇ ಕಾಣುತ್ತದೆ. ಇದಕ್ಕೆ ಪಾಸ್ ಸಿಸ್ಟಮ್ ಎಂಬ ಹೆಸರು ಬಂತು. ಇವತ್ತು ಯಾವ ಭಾಷೆಯ ಫೈಟ್ ಸೀನ್ ನೋಡಿದರೂ ಅದರ ಬುಡದಲ್ಲಿ ಇದೇ ಲೆಕ್ಕಾಚಾರ ಇದೆ.

ಸ್ಟೇಜ್‌ಕೋಚ್ ಚಿತ್ರದ ಆ ದೃಶ್ಯ ನಿಜವಾಗಿ ಮಾಡಿದ್ದಾ? ಟ್ರಿಕ್ ಅಲ್ವಾ?

ನಿಜವಾಗಿಯೇ ಮಾಡಿದ್ದು. ಎಲ್ಲರೂ ಹೆಚ್ಚು ಕೇಳುವ ಪ್ರಶ್ನೆ ಇದೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

1939ರಲ್ಲಿ ತೆರೆಕಂಡ ಈ ಚಿತ್ರವನ್ನು ನಿರ್ದೇಶಕ ಜಾನ್ ಫೋರ್ಡ್ ಮಾಡುವಾಗ ಕನಟ್ ಹೆಸರು ಸೂಚಿಸಿದವರು ವೇನ್. ಆರು ಕುದುರೆಗಳ ಸಾರೋಟು ಒಣಗಿದ ಕೆರೆಯ ಬಯಲಿನಲ್ಲಿ ನಾಗಾಲೋಟದಲ್ಲಿ ಓಡುತ್ತಿರುತ್ತದೆ. ಅಪಾಚೆ (ಅಮೆರಿಕದ ಒಂದು ಮೂಲನಿವಾಸಿ ಜನ) ವೇಷದ ಕನಟ್ ತಮ್ಮ ಕುದುರೆಯಿಂದ ಸಾರೋಟಿನ ಮುಂದಿನ ಜೋಡಿ ಕುದುರೆಗಳ ಮೇಲೆ ಹಾರುತ್ತಾರೆ. ವೇನ್ ಗುಂಡು ಹಾರಿಸುತ್ತಾರೆ. ಕನಟ್ ಕುದುರೆಗಳ ನಡುವೆ ಜಾರಿ, ಗಾಡಿಯ ಮರದ ದಂಡ ಹಿಡಿದು, ನೆಲದ ಮೇಲೆ ಉಜ್ಜಿಕೊಂಡು ಹೋಗುತ್ತಾರೆ. ಇನ್ನೊಂದು ಗುಂಡು. ಕೈ ಬಿಡುತ್ತಾರೆ. ಆರೂ ಕುದುರೆಗಳು ಅವರ ಎರಡೂ ಪಕ್ಕದಿಂದ ಹಾದು, ಸಾರೋಟು ಮೈಮೇಲಿಂದ ಹೋಗುತ್ತದೆ.

ಇದರಲ್ಲಿ ಜೀವ ಉಳಿಸಿದ್ದು ಧೈರ್ಯವೊಂದೇ ಅಲ್ಲ. ಕನಟ್ ಇದನ್ನು 1937ರಲ್ಲೇ ಒಂದು ಸಣ್ಣ ಚಿತ್ರಕ್ಕೆ ಮಾಡಿ ನೋಡಿದ್ದರು. ಅವರು ಕೊಟ್ಟ ವಿವರಣೆ ಹೀಗಿದೆ. ಕುದುರೆಗಳನ್ನು ನಿಧಾನವಾಗಿ ಓಡಿಸಿದರೆ ಅಪಾಯ ಜಾಸ್ತಿ, ಯಾಕೆಂದರೆ ಅವು ಆ ಕಡೆ ಈ ಕಡೆ ಸರಿದಾಡುತ್ತವೆ. ಜೋರಾಗಿ ಓಡಿಸಿದರೆ ನೆಟ್ಟಗೆ ಓಡುತ್ತವೆ, ನಡುವಿನ ದಾರಿ ಹಾಗೇ ಉಳಿಯುತ್ತದೆ. ಆಮೇಲೆ ಮೊಣಕೈ. ದಂಡ ಬಿಟ್ಟ ತಕ್ಷಣ ಎರಡೂ ಕೈಯನ್ನು ಎದೆ ಹೊಟ್ಟೆಗೆ ಅವಚಿ ಹಿಡಿಯಬೇಕು. ಮೊಣಕೈ ಸ್ವಲ್ಪ ಹೊರಗೆ ಬಂದರೂ ಗಾಡಿಯ ಮುಂದಿನ ಅಚ್ಚು ಅದನ್ನು ಕಿತ್ತುಕೊಂಡು ಹೋಗುತ್ತದೆ.

ನಿಧಾನವೇ ಅಪಾಯ ಎಂಬುದನ್ನು ಕುದುರೆ ಗೊತ್ತಿಲ್ಲದವರು ಊಹಿಸಲೂ ಆಗದು. ಹಂದಾಡುವ ಕುದುರೆಯ ಬೆನ್ನ ಮೇಲೆ ಹತ್ತಾರು ವರ್ಷ ಕಳೆದವರಿಗೆ ಅದು ಗೊತ್ತಾಗುತ್ತದೆ. ಇಲ್ಲಿ ಕೆಲಸಕ್ಕೆ ಬಂದಿದ್ದು ಪೆಂಡಲ್ಟನ್ ಅಂಗಳದ ಕಲಿಕೆ.

ಅದೇ ಚಿತ್ರದಲ್ಲಿ ವೇನ್ ಪಾತ್ರ ಸಾರೋಟಿನ ಮೇಲಿಂದ ಕುದುರೆಯಿಂದ ಕುದುರೆಗೆ ಹಾರುತ್ತಾ ಮುಂದಕ್ಕೆ ಹೋಗುವ ದೃಶ್ಯವಿದೆ. ಅದೂ ಕನಟ್ ಅವರೇ. ಸಾರೋಟು ಹೊಳೆ ದಾಟುವಾಗ ಮುಳುಗದಂತೆ ಪಕ್ಕಕ್ಕೆ ಪೊಳ್ಳು ದಿಮ್ಮಿ ಕಟ್ಟುವ ಉಪಾಯವೂ ಅವರದೇ.

ಒಂದು ಮಾತು ಮನಸ್ಸಿಗೆ ಚುಚ್ಚುತ್ತದೆ, ಅದನ್ನೂ ಹೇಳಬೇಕು. ಈ ಚಿತ್ರದಲ್ಲಿ ಅಪಾಚೆಗಳು ಹೆಚ್ಚಾಗಿ ಗುಂಡಿಗೆ ಬೀಳುವ ಗುಂಪು ಅಷ್ಟೇ. ಆ ವೇಷ ಹಾಕಿದವರಲ್ಲಿ ಕನಟ್ ಅವರಂಥ ಬಿಳಿಯರೂ ಇದ್ದರು. ಸ್ಟಂಟ್ ನೋಡಿ ಬೆರಗಾಗುವಾಗಲೂ ಇದನ್ನು ಮರೆಯಲು ನನಗೆ ಆಗುವುದಿಲ್ಲ.

ಗಾನ್ ವಿತ್ ದ ವಿಂಡ್‌ನಲ್ಲೂ ಇದ್ದರಾ?

ಹೌದು, ಅದೂ 1939ರಲ್ಲೇ. ಉರಿಯುವ ಅಟ್ಲಾಂಟಾ ನಡುವೆ ಕುದುರೆ ಗಾಡಿ ಹೊಡೆಯುವಾಗ ನಾಯಕ ಕ್ಲಾರ್ಕ್ ಗೇಬಲ್‌ಗೆ ಡ್ಯೂಪ್ ಆಗಿದ್ದರು. ಮುಂದೆ ಸೇತುವೆಯ ಬಳಿ ಕಥಾನಾಯಕಿ ಸ್ಕಾರ್ಲೆಟ್ ಮೇಲೆ ಎರಗುವ ದುಷ್ಟನ ಪಾತ್ರದಲ್ಲಿ ಅವರ ಮುಖವೂ ಕಾಣುತ್ತದೆ.

ಸ್ಟಂಟ್ ಸುರಕ್ಷತೆಗೆ ಅವರು ಮಾಡಿದ್ದೇನು?

ಸವಾರನಿಗೆ ಬೀಳುವುದಷ್ಟೇ ಅಪಾಯವಲ್ಲ, ಬಿದ್ದ ಮೇಲೆ ಕಾಲು ಸಿಕ್ಕಿಕೊಳ್ಳುವುದೂ ದೊಡ್ಡ ಅಪಾಯ. ಜೀನಿನ ಪಕ್ಕದಲ್ಲಿ ಕಾಲಿಡುವ ರಿಕಾಪು ಪೂರ್ತಿ ಮುಚ್ಚಿದ ಬಳೆಯ ಹಾಗೆ ಇರುತ್ತದೆ. ಪಾದ ಅದರಲ್ಲಿ ಸಿಕ್ಕರೆ ಬೆದರಿದ ಕುದುರೆ ಸವಾರನನ್ನು ಎಳೆದುಕೊಂಡೇ ಓಡುತ್ತದೆ. ಕನಟ್ ಒಂದು ಬದಿ ತೆರೆದಿರುವ, ಇಂಗ್ಲಿಷಿನ ಎಲ್ ಅಕ್ಷರದ ಆಕಾರದ ರಿಕಾಪು ಮಾಡಿಸಿದರು. ಬಿದ್ದರೆ ಕಾಲು ತಾನಾಗಿ ಹೊರಬರುತ್ತದೆ. ಇಷ್ಟು ಸಣ್ಣ ಬದಲಾವಣೆ, ಎಷ್ಟು ಜೀವ ಉಳಿಸಿತೋ!

ಗಾಡಿ ಮಗುಚುವ ದೃಶ್ಯಕ್ಕೆ ಇನ್ನೊಂದು ಏರ್ಪಾಡು. ತಂತಿ ಹಗ್ಗ ಮತ್ತು ಬಿಚ್ಚಿಕೊಳ್ಳುವ ಕೊಂಡಿಗಳನ್ನು ಜೋಡಿಸಿ, ಗಾಡಿ ಮಗುಚುವ ಹೊತ್ತಿಗೆ ಕುದುರೆಗಳು ನೊಗದಿಂದ ಬಿಡಿಸಿಕೊಂಡು ಮುಂದೆ ಓಡಿಹೋಗುವಂತೆ ಮಾಡಿದರು. ಗಾಡಿ ಪ್ರತಿ ಸಲವೂ ಅದೇ ಜಾಗದಲ್ಲಿ ಮಗುಚುತ್ತಿತ್ತು. ಹಾಗಾಗಿ ಕ್ಯಾಮೆರಾ ಎಲ್ಲಿಡಬೇಕು, ಜನ ಎಲ್ಲಿ ನಿಲ್ಲಬಾರದು ಎಂಬುದು ಮೊದಲೇ ಗೊತ್ತಿರುತ್ತಿತ್ತು. ಅದೃಷ್ಟದ ಮೇಲೆ ಬಿಟ್ಟಿದ್ದ ಕೆಲಸವನ್ನು ಅವರು ಲೆಕ್ಕದ ಕೆಲಸ ಮಾಡಿದರು.

ಆ ಕಾಲದ ಚಿತ್ರಗಳಲ್ಲಿ ಕುದುರೆಗಳಿಗೆ ಏನಾಗುತ್ತಿತ್ತು?

ನೋವಿನ ವಿಷಯ. ರನ್ನಿಂಗ್ ಡಬ್ಲ್ಯೂ ಎಂಬ ಏರ್ಪಾಡು ಆಗ ಚಾಲ್ತಿಯಲ್ಲಿತ್ತು. ಕುದುರೆಯ ಮುಂಗಾಲಿಗೆ ತಂತಿ ಕಟ್ಟಿ, ಇನ್ನೊಂದು ತುದಿಯನ್ನು ನೆಲಕ್ಕೆ ಹೂಳುತ್ತಿದ್ದರು. ತಂತಿ ಮುಗಿದಾಗ ಅದು ಕುದುರೆಯ ಕಾಲನ್ನು ಹಿಡಿದೆಳೆದು, ಕುದುರೆ ಮುಗ್ಗರಿಸಿ ಬೀಳುತ್ತಿತ್ತು. 1930ರ ದಶಕದಲ್ಲಿ ಹೀಗೆ ಕುದುರೆಗಳು ಸತ್ತವು, ಕಾಲು ಮುರಿದುಕೊಂಡವು. ಕನಟ್ ಕೂಡ ಇದನ್ನು ಬಳಸಿದ್ದಾರೆ. ತಮ್ಮ ಕೈಯಲ್ಲಿ ಕುದುರೆಗಳು ಊನವಾಗಲಿಲ್ಲ ಎಂದು ಹೇಳಿಕೊಂಡಿದ್ದಾರೆ. ಆದರೂ ಅದು ತಪ್ಪು ವಿಧಾನ ಎಂದೇ ನನ್ನ ಅಭಿಪ್ರಾಯ. ಕುದುರೆಗೆ ಏನಾಗಲಿದೆ ಎಂದು ಗೊತ್ತಿರಲಿಲ್ಲ, ಸವಾರನಿಗೆ ಗೊತ್ತಿತ್ತು. ಜೆಸ್ಸಿ ಜೇಮ್ಸ್ ಎಂಬ 1939ರ ಚಿತ್ರದಲ್ಲಿ ಬಂಡೆಯ ಮೇಲಿಂದ ಬಿದ್ದು ಕುದುರೆ ಸತ್ತ ಮೇಲೆ ಜನ ಸಿಟ್ಟಿಗೆದ್ದರು. ಆಮೇಲೆ ಅಮೆರಿಕನ್ ಹ್ಯೂಮೇನ್ ಸಂಸ್ಥೆ ಹಾಲಿವುಡ್ ಶೂಟಿಂಗ್‌ಗಳ ಮೇಲೆ ಕಣ್ಣಿಡಲು ಶುರು ಮಾಡಿತು. ಬೀಳುವುದನ್ನು ತರಬೇತಿಯಿಂದಲೇ ಕಲಿತ ಕುದುರೆಗಳು ಬಂದವು.

ಸ್ಟಂಟ್ ಬಿಟ್ಟಿದ್ದು ಯಾವಾಗ?

ಮೈ ಸಾಕೆಂದಾಗ. 1940ರಲ್ಲಿ ಬೂಮ್ ಟೌನ್ ಚಿತ್ರಕ್ಕೆ ಗೇಬಲ್ ಡ್ಯೂಪ್ ಆಗಿದ್ದಾಗ ಕುದುರೆ ಮೈಮೇಲೆ ಬಿದ್ದು ಒಳಗೆ ಪೆಟ್ಟಾಯಿತು. 1943ರಲ್ಲಿ ಗಾಡಿಯಿಂದ ಬಿದ್ದು ಎರಡೂ ಕಾಲಿನ ಗಿಣ್ಣು ಮುರಿಯಿತು. ಆಗ ಅವರಿಗೆ 47 ವರ್ಷ. ಅಲ್ಲಿಂದ ಮುಂದೆ ಬೇರೆಯವರು ಬೀಳುವುದನ್ನು ಯೋಜಿಸುವ ಕೆಲಸಕ್ಕೆ ಬಂದರು. ದೊಡ್ಡ ಚಿತ್ರಗಳಲ್ಲಿ ಯುದ್ಧ, ಓಟ, ಹೊಡೆದಾಟದ ದೃಶ್ಯಗಳನ್ನು ಚಿತ್ರಿಸುವ ತಂಡಕ್ಕೆ ಸೆಕೆಂಡ್ ಯೂನಿಟ್ ಎನ್ನುತ್ತಾರೆ. ಐವನ್‌ಹೋ, ಸ್ಪಾರ್ಟಕಸ್, ಎಲ್ ಸಿಡ್, ವೇರ್ ಈಗಲ್ಸ್ ಡೇರ್ ಚಿತ್ರಗಳಿಗೆ ಅವರು ದುಡಿದದ್ದು ಈ ತಂಡಗಳಲ್ಲಿ.

ಬೆನ್‌ಹರ್ ರಥದ ಓಟದಲ್ಲಿ ಒಬ್ಬರು ಸತ್ತರಂತೆ, ಹೌದಾ?

ಇಲ್ಲ. 1959ರ ಆ ಚಿತ್ರದ ಬಗ್ಗೆ ಈ ಸುದ್ದಿ ಎಷ್ಟು ವರ್ಷವಾದರೂ ಸಾಯುತ್ತಿಲ್ಲ. ಅಲ್ಲಿ ಯಾರೂ ಸಾಯಲಿಲ್ಲ.

ಸುದ್ದಿ ಹುಟ್ಟಿದ್ದಕ್ಕೆ ಕಾರಣ ಇದೆ. ರಥದ ಓಟವನ್ನು ಚಿತ್ರಿಸಿದ್ದು ಆಂಡ್ರ್ಯೂ ಮಾರ್ಟನ್ ಮತ್ತು ಕನಟ್. ರೋಮ್‌ನ ಚಿನೆಚಿತ್ತಾ ಸ್ಟುಡಿಯೋದಲ್ಲಿ 18 ಎಕರೆಯ ಅಂಗಳ ಕಟ್ಟಿದ್ದರು. ನಾಯಕ ಚಾರ್ಲ್ಟನ್ ಹೆಸ್ಟನ್‌ಗೆ ಡ್ಯೂಪ್ ಆಗಿದ್ದವರು ಕನಟ್ ಅವರ ಮಗ ಜೋ. ಒಂದು ಕಡೆ ಮುರಿದು ಬಿದ್ದ ರಥಗಳ ಮೇಲಿಂದ ನಾಯಕನ ರಥ ಹಾರಬೇಕು. ರಥ ಹಾರಿತು, ಅಂದುಕೊಂಡದ್ದಕ್ಕಿಂತ ಜೋರಾಗಿ ಕುಪ್ಪಳಿಸಿತು. ಜೋ ತಲೆಕೆಳಗಾಗಿ ರಥದ ಮುಂಭಾಗದ ಮೇಲಿಂದ ಕುದುರೆಗಳ ಕಡೆಗೆ ಬಿದ್ದರು. ಕೈಗೆ ಸಿಕ್ಕಿದ್ದನ್ನು ಹಿಡಿದು ನೇತಾಡಿ ಬಚಾವಾದರು. ಗದ್ದಕ್ಕೆ ಗಾಯ, ನಾಲ್ಕು ಹೊಲಿಗೆ. ಕ್ಯಾಮೆರಾ ಪಕ್ಕ ನಿಂತಿದ್ದ ಅಪ್ಪನಿಗೆ ಆ ಕೆಲವು ಸೆಕೆಂಡು ಹೇಗಿದ್ದಿರಬೇಕು! ದೃಶ್ಯವನ್ನು ಹಾಗೇ ಇಟ್ಟುಕೊಂಡು, ಹೆಸ್ಟನ್ ಮತ್ತೆ ರಥ ಏರುವ ಶಾಟ್ ಸೇರಿಸಿದರು. ನೋಡಿದವರು ಅಷ್ಟು ನಿಜವಾದ ಬೀಳುವಿಕೆ ಕಂಡು ಯಾರೋ ಸತ್ತಿರಬೇಕು ಅಂದುಕೊಂಡರು.

ಹೆಸ್ಟನ್ ಇನ್ನೊಂದು ಸಂಗತಿ ಹೇಳುತ್ತಿದ್ದರು. ವಾರಗಟ್ಟಲೆ ರಥ ಓಡಿಸಲು ಕಲಿತ ಮೇಲೂ ಅವರಿಗೆ ಅಂಜಿಕೆ. ಓಟ ಗೆಲ್ಲುವುದು ನನ್ನಿಂದ ಆಗುತ್ತಾ ಎಂದು ಕೇಳಿದರಂತೆ. ನೀನು ರಥದಲ್ಲಿ ನಿಂತಿರು ಸಾಕು, ಗೆಲ್ಲಿಸುವ ಜವಾಬ್ದಾರಿ ನನ್ನದು ಎಂದರಂತೆ ಕನಟ್.

ಆಸ್ಕರ್ ಸಿಕ್ಕಿತಾ?

ಸಿಕ್ಕಿತು, ಗೌರವ ಪ್ರಶಸ್ತಿಯಾಗಿ. 1967ರ ಏಪ್ರಿಲ್‌ನಲ್ಲಿ ನಡೆದ ಸಮಾರಂಭದಲ್ಲಿ. ಸ್ಟಂಟ್ ಸಾಧನೆಗೂ, ಸ್ಟಂಟ್ ಮಾಡುವವರ ಜೀವ ಕಾಯುವ ಸಾಧನಗಳನ್ನು ರೂಪಿಸಿದ್ದಕ್ಕೂ ಸೇರಿ. ಬೆನ್‌ಹರ್ 11 ಆಸ್ಕರ್ ಗೆದ್ದಾಗ ರಥದ ಓಟಕ್ಕೆ ಕೊಡಲು ಒಂದು ವಿಭಾಗವೂ ಇರಲಿಲ್ಲ. ಆ ವಿಭಾಗಕ್ಕಾಗಿ ಸ್ಟಂಟ್ ಮಂದಿ ಬಹಳ ಕಾಲ ಕೇಳುತ್ತಾ ಬಂದರು. ಸ್ಟಂಟ್ ವಿನ್ಯಾಸಕ್ಕೆ ಪ್ರತ್ಯೇಕ ಆಸ್ಕರ್ ಕೊಡುವ ತೀರ್ಮಾನ ಹೊರಬಿದ್ದಿದ್ದು 2025ರಲ್ಲಿ. ಮೊದಲ ಪ್ರಶಸ್ತಿಯನ್ನು 2028ರ ನೂರನೇ ಸಮಾರಂಭಕ್ಕೆ ಗೊತ್ತುಮಾಡಿದ್ದಾರೆ. ತುಂಬಾ ತಡವಾಯಿತು.

ರೋಡಿಯೋದಿಂದ ಬಂದ ಬೇರೆ ನಟರೂ ಇದ್ದರಾ?

ಇದ್ದರು. ಹೂಟ್ ಗಿಬ್ಸನ್ 1912ರಲ್ಲಿ ಪೆಂಡಲ್ಟನ್ ಆಲ್‌ರೌಂಡ್ ಪಟ್ಟ ಗೆದ್ದು, 1920ರ ದಶಕದಲ್ಲಿ ಯೂನಿವರ್ಸಲ್ ಸಂಸ್ಥೆಯ ದೊಡ್ಡ ತಾರೆಯಾದರು. ಬಿಲ್ ಪಿಕೆಟ್ ಫ್ಲಾರಿಡಾದ ನಾರ್ಮನ್ ಸಂಸ್ಥೆಯ ಚಿತ್ರದಲ್ಲಿ ಕಾಣಿಸಿಕೊಂಡರು. ಜನಾಂಗಭೇದದ ಆ ಕಾಲದಲ್ಲಿ ಅವರಿಗೆ ಗಿಬ್ಸನ್‌ಗೆ ಸಿಕ್ಕಂಥ ಅವಕಾಶ ಸಿಗಲೇ ಇಲ್ಲ.

ಅವರ ಯಾವ ಚಿತ್ರದಿಂದ ನೋಡಲು ಶುರು ಮಾಡಲಿ?

ಮೊದಲು ದ ಡೆವಿಲ್ ಹಾರ್ಸ್, ಹೀರೋ ಆಗಿದ್ದ ಕನಟ್ ಹೇಗಿದ್ದರು ಅಂತ ಗೊತ್ತಾಗಲಿ. ಆಮೇಲೆ 1934ರ ದ ಸ್ಟಾರ್ ಪ್ಯಾಕರ್. ಇದರಲ್ಲಿ ವೇನ್ ಜೊತೆಗಾರನಾಗಿ ಬರುವ ಅವರ ಪಾತ್ರದ ಹೆಸರೂ ಯಾಕ್, ಆ ಒರಟು ದನಿಯೂ ಕೇಳಿಸುತ್ತದೆ. ಇಂಡಿಯಾನಾ ಜೋನ್ಸ್ ಸರಣಿಯ 1981ರ ಮೊದಲ ಚಿತ್ರ ನೋಡಿದ್ದರೆ, ನಾಯಕ ಓಡುವ ಲಾರಿಯ ಅಡಿಯಲ್ಲಿ ಎಳೆದುಕೊಂಡು ಹೋಗುವ ದೃಶ್ಯ ನೆನಪಿರಬೇಕು. ಅದು ಕನಟ್‌ಗೆ ಸಲ್ಲಿಸಿದ ಗೌರವ.

ಕೊನೆಗೆ ಸ್ಟೇಜ್‌ಕೋಚ್. ಸಾರೋಟಿನ ಓಟ ಬಂದಾಗ ಮೊದಲ ಸಲ ಸುಮ್ನೆ ನೋಡಿ. ಎರಡನೇ ಸಲ ನಿಧಾನ ಮಾಡಿ, ಅವರು ದಂಡ ಬಿಡುವ ಕ್ಷಣಕ್ಕೆ ನಿಲ್ಲಿಸಿ, ಮೊಣಕೈ ಎಲ್ಲಿದೆ ನೋಡಿ.